ಮದುವೆಯ ಛಾಯಾಚಿತ್ರಕ್ಕೆ ಎಂಥ ಲೆನ್ಸು ಬೇಕು?

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೂ ಬಂಗಾರಪೇಟೆಯಲ್ಲಿಯೂ ಮದುವೆಯ ಛಾಯಾಚಿತ್ರ ತೆಗೆಯುವುದನ್ನು ಜೀವನೋಪಾಯವಾಗಿ ಮಾಡಿಕೊಳ್ಳಬೇಕೆಂಬ ಆಸೆ ಈಗ ಹೆಣ್ಣುಮಕ್ಕಳಲ್ಲಿಯೂ ಕಂಡುಬರುತ್ತಿರುವುದು ಸಂತೋಷದ ಸಂಗತಿ. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ನಮ್ಮ ಊರಿನವರು ಸಾವಿರಗಟ್ಟಲೆಯಾಗಿ ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ಬರುತ್ತಿದ್ದಾರೆ. ಹೀಗಿರುವಾಗ ಊರಿನಲ್ಲಿಯೇ ಇದ್ದು ಮಾಡಬಹುದಾದ ಕೆಲಸ ಯಾವುದಾದರೂ ಒಳ್ಳೆಯದೇ. ಆದರೆ ದೊಡ್ಡ ಲೆನ್ಸು ಇಲ್ಲದೆ ಈ ಕೆಲಸ ಸಾಗದೆಂಬ ಮಾತನ್ನು ನಂಬಿ, ತಾಯಿಯ ಬಳೆಗಳನ್ನು ಗಿರವಿಯಿಟ್ಟು ಹಣ ತರುವುದಕ್ಕೆ ಹೊರಡುವವರನ್ನೂ ನಾವು ಕಂಡಿದ್ದೇವೆ. ಅಂಥವರಿಗೆ ಉಪಯೋಗವಾಗಲೆಂದು ನಮಗೆ ತಿಳಿದ ನಾಲ್ಕು ಮಾತುಗಳನ್ನು ಇಲ್ಲಿ ಅರಿಕೆಮಾಡುತ್ತೇವೆ.

ನಮ್ಮ ಬಂಧುಗಳ ಮನೆಯ ಮದುವೆಯೊಂದರಲ್ಲಿ ಬೆಳಗಿನ ಜಾವದ ಮುಹೂರ್ತ. ಛತ್ರದಲ್ಲಿ ದೀಪಗಳು ಮಂಕಾಗಿದ್ದವು. ಚಿತ್ರ ತೆಗೆದ ಹುಡುಗಿ ಹೊಸಬಳು, ಕ್ಯಾಮರವೂ ಹೊಸದೇ. ಆದರೂ ತಾಳಿ ಕಟ್ಟುವ ಗಳಿಗೆಯ ಚಿತ್ರದಲ್ಲಿ ಮದುಮಗನ ಕೈಗಳು ಹೊಗೆಯಂತೆ ಕಲಸಿಹೋಗಿದ್ದವು. ಊಟದ ಪಂಕ್ತಿಯನ್ನು ಮತ್ತೊಮ್ಮೆ ಕೂರಿಸಬಹುದು. ತಾಳಿಯನ್ನು ಮತ್ತೊಮ್ಮೆ ಕಟ್ಟಿಸುವುದುಂಟೆ? ತಪ್ಪು ಹುಡುಗಿಯದಲ್ಲ, ಕ್ಯಾಮರದ್ದೂ ಅಲ್ಲ. ಕ್ಯಾಮರದೊಡನೆ ಬಂದ ಲೆನ್ಸು ಆ ಬೆಳಕಿಗೆ ತಕ್ಕುದಾಗಿರಲಿಲ್ಲ.

ಲೆನ್ಸೆಂಬುದು ಕ್ಯಾಮರದ ಕಿಟಕಿ. ಕಿಟಕಿ ದೊಡ್ಡದಾದಷ್ಟೂ ಬೆಳಕು ಹೆಚ್ಚು. ಈ ಕಿಟಕಿಯ ಅಳತೆಯನ್ನು ‘ಎಫ್’ ಎಂಬ ಅಕ್ಷರದ ಮುಂದಿನ ಅಂಕಿ ತಿಳಿಸುತ್ತದೆ. ಅಂಕಿ ಚಿಕ್ಕದಾದಷ್ಟೂ ಕಿಟಕಿ ದೊಡ್ಡದೆಂದು ತಿಳಿಯತಕ್ಕದ್ದು. ಕ್ಯಾಮರದೊಡನೆ ಸಾಮಾನ್ಯವಾಗಿ ಬರುವ 18–55 ಮಿಲಿಮೀಟರ್ ಲೆನ್ಸನ್ನು ಪೂರ್ತಿಯಾಗಿ ಮುಂದಕ್ಕೆ ತಿರುಗಿಸಿದಾಗ ಅದರ ಅಂಕಿ ಎಫ್ 5.6 ಆಗುತ್ತದೆ. 50 ಮಿಲಿಮೀಟರಿನ ಚಿಕ್ಕ ಲೆನ್ಸಿನ ಅಂಕಿ ಎಫ್ 1.8. ಇದರೊಳಗೆ ಬರುವ ಬೆಳಕು ಮೊದಲಿನದಕ್ಕಿಂತ ಒಂಬತ್ತು ಪಾಲಿಗೂ ಹೆಚ್ಚು. ಅಂದರೆ, ಮೊದಲಿನ ಲೆನ್ಸಿನಲ್ಲಿ ಸೆಕೆಂಡಿನ 15ರಲ್ಲಿ ಒಂದು ಭಾಗದಷ್ಟು ಕಾಲ ಬೇಕಾಗುವ ಚಿತ್ರ, ಇದರಲ್ಲಿ 125ರಲ್ಲಿ ಒಂದು ಭಾಗದೊಳಗೆ ಮುಗಿಯುತ್ತದೆ. ಅಷ್ಟು ಅಲ್ಪ ಕಾಲದಲ್ಲಿ ತಾಳಿ ಕಟ್ಟುವ ಕೈ ಕಲಸುವುದಿಲ್ಲ. ಇದು ಹೊಸ ಮಾತೇನೂ ಅಲ್ಲ. 1840ರಲ್ಲಿಯೇ ವಿಯೆನ್ನಾ ನಗರದ ಪೆಟ್ಸ್ವಾಲ್ ಎಂಬ ಗಣಿತದ ಪ್ರಾಧ್ಯಾಪಕರು ದೊಡ್ಡ ಬಾಯಿಯ ಲೆನ್ಸನ್ನು ಲೆಕ್ಕಹಾಕಿ ರಚಿಸಿದ ಮೇಲೆಯೇ ಮನುಷ್ಯರ ಮುಖವನ್ನು ತೆಗೆಯುವ ಕೆಲಸ ಸುಲಭವಾಯಿತು.

ಇನ್ನು ಜಾಗದ ಮಾತು. ಗಣಿಯ ಲೈನು ಮನೆಗಳಲ್ಲಿ ಮದುಮಗಳನ್ನು ಸಿಂಗರಿಸುವ ಕೋಣೆ ಎಷ್ಟು ಚಿಕ್ಕದೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಹೊಸಬರು ಕೊಳ್ಳುವ ಸಾಧಾರಣ ಕ್ಯಾಮರಗಳಲ್ಲಿ, ಹತ್ತು ಅಡಿ ದೂರ ನಿಂತರೆ 50ರ ಲೆನ್ಸಿಗೆ ಅಗಲದಲ್ಲಿ ಐದು ಅಡಿಯೂ ಕಾಣುವುದಿಲ್ಲ. 35ರ ಲೆನ್ಸಿಗೆ ಆರೂವರೆ ಅಡಿ ಕಾಣುತ್ತದೆ. 18ಕ್ಕೆ ತಿರುಗಿಸಿದ ಹಳೆಯ ಲೆನ್ಸಿಗೆ ಹದಿಮೂರು ಅಡಿ ಕಾಣುತ್ತದೆ. ಆದುದರಿಂದ ಒಂದೇ ಒಂದನ್ನು ಕೊಳ್ಳುವುದಾದರೆ 35 ಮಿಲಿಮೀಟರ್, ಎಫ್ 1.8ರ ಲೆನ್ಸು ನಮ್ಮ ಮನೆಗಳಿಗೆ ಮೇಲು. ನಿಕಾನ್ ಕಂಪನಿಯವರು 2009ರಲ್ಲಿ ಇಂಥದೊಂದನ್ನು ತಂದರು. ಕ್ಯಾನನ್ ಕ್ಯಾಮರ ಉಳ್ಳವರಿಗೆ 2015ರಲ್ಲಿ ಬಂದ 50 ಮಿಲಿಮೀಟರ್, ಎಫ್ 1.8ರ ಲೆನ್ಸು ಅಗ್ಗದ್ದು. ಆದರೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಲು ಸ್ಥಳ ಬೇಕು. ಕ್ಯಾಮರದೊಡನೆ ಬಂದ ಲೆನ್ಸನ್ನು ಮಾರಿಬಿಡಕೂಡದು. ಹಗಲಿನಲ್ಲಿ ನೆಂಟರಿಷ್ಟರ ಗುಂಪುಚಿತ್ರಕ್ಕೆ ಅದೇ ಸಾಕು.

ದೊಡ್ಡ ಬಾಯಿಯ ಲೆನ್ಸಿಗೂ ಒಂದು ದೋಷವುಂಟು. ಎಫ್ 1.8ರಲ್ಲಿ 50ರ ಲೆನ್ಸಿನಿಂದ ಆರು ಅಡಿ ದೂರದವರನ್ನು ತೆಗೆದರೆ, ನಾಲ್ಕು ಅಂಗುಲದಷ್ಟು ಆಳ ಮಾತ್ರ ಸ್ಪಷ್ಟವಾಗಿ ಬರುತ್ತದೆ. ಮದುಮಗಳ ಕಣ್ಣು ಹೊಳೆಯುತ್ತಿದ್ದರೂ ಒಂದು ಹೆಜ್ಜೆ ಹಿಂದೆ ನಿಂತ ಮದುಮಗನ ಮುಖ ಮಸುಕಾಗುತ್ತದೆ. ಆದುದರಿಂದ ಇಬ್ಬರಿರುವಾಗ ಎಫ್ 2.8 ಅಥವಾ 4ಕ್ಕೆ ಇಳಿಸಿಕೊಂಡು, ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸತಕ್ಕದ್ದು.

ಬೆಂಗಳೂರಿನಲ್ಲಿ ಬಳಸಿದ ಲೆನ್ಸುಗಳು ಕಡಮೆ ಬೆಲೆಗೆ ದೊರೆಯುತ್ತವೆ. ಕೊಳ್ಳುವ ಮುನ್ನ ಸ್ವಂತ ಕ್ಯಾಮರವನ್ನು ಜೊತೆಯಲ್ಲಿ ಒಯ್ಯಬೇಕು. ಒಂದು ಕಂಪನಿಯ ಲೆನ್ಸು ಮತ್ತೊಂದರ ಕ್ಯಾಮರಕ್ಕೆ ಹಾಗೆಯೇ ಕೂರುವುದಿಲ್ಲ. ನಿಕಾನ್‌ನ ಚಿಕ್ಕ ಕ್ಯಾಮರಗಳಲ್ಲಿ ಹಳೆಯ ಕೆಲವು ಲೆನ್ಸುಗಳು ಕುಳಿತರೂ ತಾವಾಗಿ ಫೋಕಸ್ ಮಾಡವು. ಲೆನ್ಸಿನೊಳಕ್ಕೆ ಟಾರ್ಚ್ ಬೆಳಕು ಬಿಟ್ಟು ನೋಡಿದರೆ, ಬೂಷ್ಟು ಹಿಡಿದಿದ್ದಲ್ಲಿ ಜೇಡರ ಬಲೆಯಂತಹ ಎಳೆಗಳು ಕಾಣುತ್ತವೆ. ಅಂಥದನ್ನು ಎಷ್ಟು ಅಗ್ಗವಾದರೂ ಕೊಳ್ಳಕೂಡದು.

ಎಲ್ಲ ದೂರಗಳಲ್ಲಿಯೂ ಎಫ್ 2.8ರ ಬೆಳಕನ್ನೇ ಕೊಡುವ 17–50ರಂತಹ ಜೂಮ್ ಲೆನ್ಸು ಮದುವೆಗೆ ಬಹಳ ಅನುಕೂಲವೆಂಬುದು ನಿಜ. ಆದರೆ ಅದು ಬೆಲೆಯುಳ್ಳದ್ದು. ಅದನ್ನು ಮೊದಲು ಬಾಡಿಗೆಗೆ ತಂದು ಒಂದೆರಡು ಮದುವೆ ಮಾಡಿನೋಡಿ, ಬಂದ ಸಂಪಾದನೆಯಿಂದಲೇ ಕೊಳ್ಳುವುದು ವಿವೇಕ. ಚರ್ಚಿನಲ್ಲಿ ಮದುವೆಯಾದರೆ ಮುಂಚಿತವಾಗಿ ಸಭಾಪಾಲಕರನ್ನು ಕಂಡು, ಎಲ್ಲಿ ನಿಲ್ಲಬಹುದು, ಫ್ಲಾಷ್ ಬೆಳಕಿಗೆ ಅಪ್ಪಣೆಯುಂಟೆ ಎಂದು ಕೇಳಿಕೊಳ್ಳಬೇಕು. ಅಪ್ಪಣೆಯಿಲ್ಲದ ಕಡೆಯಲ್ಲಿಯೇ ಆ ಚಿಕ್ಕ ಲೆನ್ಸಿನ ಬೆಲೆ ತಿಳಿಯುವುದು.

ಮೇಲೆ ಹೇಳಿದ ಹುಡುಗಿ ತಾನು ಪಡೆದ ಹಣವನ್ನು ಹಿಂದಿರುಗಿಸಲು ಬಂದಳು, ಮನೆಯವರು ತೆಗೆದುಕೊಳ್ಳಲಿಲ್ಲ. ಆ ಹಣಕ್ಕೆ ಸ್ವಲ್ಪ ಸೇರಿಸಿ ಅವಳು ಬಳಸಿದ 35ರ ಲೆನ್ಸೊಂದನ್ನು ಕೊಂಡು, ತಿಂಗಳುಗಟ್ಟಲೆ ಸಂಜೆಯ ದೀಪದಲ್ಲಿ ತನ್ನ ಅಜ್ಜಿಯ ಕೈಗಳು ಹೂ ಕಟ್ಟುವುದನ್ನೇ ತೆಗೆದು ಅಭ್ಯಾಸಮಾಡಿದಳು. ಮರುವರ್ಷ ಅದೇ ಮನೆಯ ಎರಡನೆಯ ಮಗಳ ಮದುವೆಗೆ ಅವಳನ್ನೇ ಕರೆದರು. ಆ ತಾಳಿಯ ಚಿತ್ರ ಈಗ ಅವರ ನಡುಮನೆಯ ಗೋಡೆಯ ಮೇಲಿದೆ. ತಾಯಿತಂದೆಗಳು ಬಳೆಯನ್ನು ಗಿರವಿಯಿಡುವ ಮುನ್ನ ಮಕ್ಕಳಿಗೆ ಒಂದು ಚಿಕ್ಕ ಲೆನ್ಸನ್ನೂ ಅಭ್ಯಾಸಕ್ಕೆ ಒಂದಿಷ್ಟು ಕಾಲವನ್ನೂ ಕೊಡಲೆಂಬುದೇ ನಮ್ಮ ವಿನಂತಿ.