ಉಪ್ಪ ತಂದ ಸ್ಪೀಕರ್ ಮತ್ತೆ ಮಾತಾಡಿತು

ಗಲ್ಫಿನಿಂದ ಬಂದ ಪೆಟ್ಟಿಗೆ ಬಿಚ್ಚುವ ದಿನ ಹೇಗಿರುತ್ತಿತ್ತು ಎಂದು ನಲವತ್ತು ದಾಟಿದ ಬ್ಯಾರಿಗಳಿಗೆ ಹೇಳಬೇಕಾಗಿಲ್ಲ. ಸೋಪು, ಅತ್ತರು, ಟಾರ್ಚು, ಮಕ್ಕಳಿಗೆ ಮಿಠಾಯಿ, ಅನುಕೂಲ ಇದ್ದವರಿಗೆ ಒಂದು ಟೂ-ಇನ್-ಒನ್. 1986ರಲ್ಲಿ ನಮ್ಮ ಉಪ್ಪ ಒಂದು ಸ್ಟೀರಿಯೋ ಸೆಟ್ಟು, ಅದರ ಜೊತೆ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ತಂದಿದ್ದರು. ಬೊಂಬಾಯಿಯಲ್ಲಿ ವಿಮಾನ ಇಳಿದು, ಅಲ್ಲಿಂದ ಮಂಗಳೂರಿಗೆ ಬಸ್ಸಿನಲ್ಲಿ. ಒಂದು ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದರಂತೆ.

ಉಪ್ಪ ತೀರಿಹೋದ ಮೇಲೆ ಅವು ಅಟ್ಟ ಸೇರಿದವು. ಕಳೆದ ವರ್ಷ ಗುಜರಿಯವನು ಬಂದು ಒಂದನ್ನು ಎತ್ತಿ ನೋಡಿ, ಎರಡಕ್ಕೂ ಸೇರಿ ಇನ್ನೂರು ರೂಪಾಯಿ ಎಂದ. ಸೌದಿಯಲ್ಲಿರುವ ಕಾಕನಿಗೆ ಫೋನ್ ಮಾಡಿದರೆ, "ಕೊಟ್ಟುಬಿಡು ಮಾರಾಯ, ನಾನು ಹೊಸ ಬ್ಲೂಟೂತ್ ಕಳಿಸ್ತೇನೆ" ಎಂದರು. ಕೊಡುವವರೇ ಇದ್ದೆವು. ಬಾಗಿಲಲ್ಲಿ ನಿಂತಿದ್ದ ಉಮ್ಮ ಒಂದೇ ಮಾತು ಕೇಳಿದರು: "ಹಾಗಾದ್ರೆ ಕ್ಯಾಸೆಟ್ ಎಂತದ್ರಲ್ಲಿ ಕೇಳುದು?"

ಕ್ಯಾಸೆಟ್ ಎಂದರೆ ಹಾಡಿನದಲ್ಲ, ಮಾತಿನದು. ಆ ಕಾಲದಲ್ಲಿ ಗಲ್ಫಿನಲ್ಲಿದ್ದವರು ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ನಮ್ಮ ಉಮ್ಮ ಕುರ್‌ಆನ್ ಓದುತ್ತಾರೆ, ಕನ್ನಡ ಅಕ್ಷರ ಬರುವುದಿಲ್ಲ. ಉಪ್ಪನ ಕಾಗದ ಬಂದರೆ ಪಕ್ಕದ ಮನೆಯ ಹುಡುಗನನ್ನು ಕರೆದು ಓದಿಸಬೇಕಿತ್ತು. ಗಂಡ ಹೆಂಡತಿಗೆ ಬರೆದದ್ದನ್ನು ಹೈಸ್ಕೂಲಿನ ಹುಡುಗ ಗಟ್ಟಿಯಾಗಿ ಓದುವುದು! ಆದ್ದರಿಂದ ಉಪ್ಪ ಬರೆಯುವುದನ್ನೇ ಬಿಟ್ಟು ಮಾತಾಡಲು ಶುರು ಮಾಡಿದರು. ಅಂಥ ಏಳು ಕ್ಯಾಸೆಟ್‌ಗಳು ಉಮ್ಮನ ಕಪಾಟಿನಲ್ಲಿವೆ.

ಅವನ್ನು ಮೊಬೈಲಿಗೆ ಇಳಿಸಿ ಕೇಳಿಸಿದ್ದೂ ಆಗಿತ್ತು. "ಇದು ಅವರ ಸ್ವರ ಅಲ್ಲ, ಡಬ್ಬದೊಳಗೆ ಯಾರೋ ಮಾತಾಡಿದ ಹಾಗೆ ಉಂಟು" ಎಂದು ಉಮ್ಮ ತಿರುಗಿಸಿಕೊಟ್ಟರು. ಅವರ ಕಿವಿ ತಪ್ಪು ಹೇಳಿರಲಿಲ್ಲ. ಗಂಡಸರ ಸ್ವರದ ಬುಡ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಮೊಬೈಲಿನ ಉಗುರಿನಷ್ಟು ಸ್ಪೀಕರಿಗೆ ಅಷ್ಟು ಕೆಳಗೆ ಇಳಿಯಲು ಆಗುವುದಿಲ್ಲ. ಎಂಟು ಇಂಚಿನ ಹಳೆಯ ಸ್ಪೀಕರಿಗೆ ಆಗುತ್ತದೆ.

ಪೇಟೆಯ ಒಬ್ಬರು ರಿಪೇರಿಯವರು ಮುಟ್ಟಿಯೂ ನೋಡದೆ "ಇದು ಆಗ್ಲಿಕ್ಕಿಲ್ಲ ಉಸ್ತಾದ್" ಎಂದರು. ಸರಿ, ಪಿಯುಸಿ ಓದುವ ಮಗನೊಂದಿಗೆ ಮನೆಯಲ್ಲೇ ಕೂತೆವು.

ಮುಂದಿನ ಬಟ್ಟೆ ತೆಗೆದಾಗ ಕಾಯಿಲೆ ಕಂಡಿತು. ಕಾಗದದ ಕೋನನ್ನು ಕಬ್ಬಿಣದ ಚೌಕಟ್ಟಿಗೆ ಹಿಡಿದಿಡುವ ಫೋಮ್ ಬಳೆ ಮುಟ್ಟಿದರೆ ಪುಡಿ, ಕೈಗೆಲ್ಲ ಕಪ್ಪು ಅಂಟು. ಆ ಕಾಲದ ಫೋಮ್ ಹದಿನೈದು ಇಪ್ಪತ್ತು ವರ್ಷದಲ್ಲಿ ತಾನಾಗಿಯೇ ಕರಗುತ್ತದೆ, ಬಳಸಿದರೂ ಇಟ್ಟರೂ ಒಂದೇ. ಗಾಳಿಯಲ್ಲಿರುವ ತೇವವೇ ಅದರ ಶತ್ರು. ನಮ್ಮ ಕರಾವಳಿಯಲ್ಲಿ ಕೇಳಬೇಕೇ? ರಬ್ಬರ್ ಬಳೆಯ ಸ್ಪೀಕರ್‌ಗಳು ಹೆಚ್ಚು ಬಾಳುತ್ತವೆ. ಆದರೆ ಫೋಮ್ ಹೋದರೆ ಸ್ಪೀಕರೇ ಹೋಯಿತೆಂದಲ್ಲ. ಮಲ್ಟಿಮೀಟರ್ ಇಟ್ಟು ನೋಡಿದೆವು. 8 ಓಮ್ ಸ್ಪೀಕರ್ ಆರೂವರೆ ತೋರಿಸಿತು. ಒಳಗಿನ ಕಾಯಿಲ್ ಜೀವಂತವಾಗಿದೆ ಎಂದರ್ಥ.

ಅಂಚಿನ ಹಳೆಯ ಅಂಟು ಕೆರೆದು ತೆಗೆಯುವಷ್ಟರಲ್ಲಿ ಒಂದು ಎಡವಟ್ಟಾಯಿತು. ಸ್ಪೀಕರಿನ ಹಿಂದಿನ ಅಯಸ್ಕಾಂತ ಸ್ಕ್ರೂಡ್ರೈವರನ್ನು ಕೈಯಿಂದ ಎಳೆದುಕೊಂಡಿತು, ಕೋನಿಗೆ ತೂತು. ಮಗನ ಮುಖ ಬಿಳಿಚಿತು. ತೆಳು ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಎರಡೂ ಕಡೆಯಿಂದ ಹಚ್ಚಿದೆವು. ನಿಂತಿತು.

ಹೊಸ ಫೋಮ್ ಬಳೆಗಳನ್ನು ಅಂಚೆಯಲ್ಲಿ ತರಿಸಿದೆವು. ಕಷ್ಟ ಇರುವುದು ಅಂಟಿಸುವುದರಲ್ಲಲ್ಲ, ನಡುವೆ ನಿಲ್ಲಿಸುವುದರಲ್ಲಿ. ಕೋನಿನ ಬುಡದ ಕಾಯಿಲ್ ಅಯಸ್ಕಾಂತದ ಸಂದಿಯಲ್ಲಿ ಎಲ್ಲಿಯೂ ತಾಗದೆ ತೇಲಬೇಕು. ಕೂದಲೆಳೆಯಷ್ಟು ವಾಲಿದರೂ ಕರಕರ ಶಬ್ದ. ನಡುವಿನ ಟೋಪಿಯನ್ನು ಬ್ಲೇಡಿನಿಂದ ಬಿಡಿಸಿ, ಸಂದಿಯಲ್ಲಿ ಸುತ್ತಲೂ ತೆಳು ಪಟ್ಟಿಗಳನ್ನು ತೂರಿಸಿ, ಆಮೇಲೆ ಅಂಟು ಹಾಕಬೇಕು. ಪಟ್ಟಿಗೆ ಉಮ್ಮನ ಮೊಣಕಾಲಿನ ಹಳೆಯ ಎಕ್ಸ್‌ರೇ ಫಿಲ್ಮನ್ನೇ ಕತ್ತರಿಸಿದೆವು. "ನನ್ನ ಕಾಲು ಅಂತೂ ಉಪಯೋಗಕ್ಕೆ ಬಂತು" ಎಂದು ಅವರು ನಗಾಡಿದರು. ಮೊದಲು ಕೋನಿಗೆ, ಅದು ಒಣಗಿದ ಮೇಲೆ ಚೌಕಟ್ಟಿಗೆ. ಜುಲೈ ತಿಂಗಳು, ಹೊರಗೆ ಬಿಡದೆ ಮಳೆ. ಒಂದು ರಾತ್ರಿಯಲ್ಲಿ ಒಣಗಬೇಕಾದ ಅಂಟಿಗೆ ಮೂರು ದಿನ ಕಾದೆವು. ಪಟ್ಟಿ ಎಳೆದು ಬೆರಳುಗಳಿಂದ ಕೋನನ್ನು ಮೆಲ್ಲನೆ ಒತ್ತಿದರೆ ಯಾವ ಸದ್ದೂ ಇಲ್ಲ.

ಟ್ವೀಟರಿಗೆ ಹೋಗುವ ತಂತಿಯಲ್ಲಿದ್ದ 4.7 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಬದಲಿಸಿದೆವು. ದಪ್ಪ ಸ್ವರ ಟ್ವೀಟರಿಗೆ ಹೋಗದಂತೆ ತಡೆಯುವುದು ಅದೇ. ವಯಸ್ಸಾದರೆ ಅದೂ ಸೋಲುತ್ತದೆ. ಸೆಟ್ಟಿನ ಬೆಲ್ಟನ್ನು ಮಾತ್ರ ತಿಳಿದವರಿಂದಲೇ ಹಾಕಿಸಿದೆವು. ಕರೆಂಟಿನ ಪೆಟ್ಟಿಗೆಯನ್ನು ಅರೆಬರೆ ಗೊತ್ತಿದ್ದವರು ಬಿಚ್ಚಬಾರದು, ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಉಳಿದಿರುತ್ತದೆ. ಖರ್ಚೆಲ್ಲ ಸೇರಿ ಎರಡು ಸಾವಿರ ಮುಟ್ಟಲಿಲ್ಲ.

ಜೋಡಿಸಿ ಹಾಕಿದರೆ ಸ್ವರ ಬಂತು, ಜೀವ ಬರಲಿಲ್ಲ. ಟೊಳ್ಳು ಟೊಳ್ಳು, ಮಾತು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದು. ಉಮ್ಮ ಸುಮ್ಮನೆ ಎದ್ದು ಅಡುಗೆಮನೆಗೆ ಹೋದರು. ಎರಡು ದಿನ ನಮಗೆ ಊಟ ಸೇರಲಿಲ್ಲ. ಕೊನೆಗೆ ಮಗನಿಗೇ ಹೊಳೆಯಿತು. ತುಕ್ಕು ಹಿಡಿದು ಒಂದು ಸ್ಪೀಕರಿನ ಪ್ಲಸ್-ಮೈನಸ್ ಗುರುತು ಅಳಿಸಿಹೋಗಿತ್ತು, ನಾವು ತಂತಿ ತಿರುಗಾಮುರುಗ ಕೊಟ್ಟಿದ್ದೆವು. ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ. ಎರಡೂ ಸೇರಿ ದಪ್ಪ ಸ್ವರವನ್ನು ಕೊಂದುಹಾಕುತ್ತವೆ. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರೆ ಇದು ಗೊತ್ತಾಗುತ್ತದೆ. ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ಕಡೆಯೇ ಸ್ಪೀಕರಿನ ಪ್ಲಸ್.

ತಂತಿ ಬದಲಿಸಿ, ಇಶಾ ಮುಗಿಸಿ ಬಂದು ಮೂರನೇ ಕ್ಯಾಸೆಟ್ ಹಾಕಿದೆವು. ಉಪ್ಪ ಕೆಮ್ಮಿದರು. ಆಮೇಲೆ ಉಮ್ಮನ ಹೆಸರು ಹಿಡಿದು ಕರೆದರು, ಎರಡು ಪೆಟ್ಟಿಗೆಗಳ ನಡುವೆ ಕುರ್ಚಿ ಹಾಕಿ ಕೂತವರ ಹಾಗೆ. ಉಮ್ಮ ತಟ್ಟಿಯ ಬಾಗಿಲು ಎಳೆದುಕೊಂಡು ಹತ್ತಿರ ಬಂದು ಕೂತರು. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಕಡೆ ತಿರುಗಿ, "ಸೌಂಡ್ ಕಮ್ಮಿ ಮಾಡು, ಪಕ್ಕದ ಮನೆಗೆ ಕೇಳ್ತದೆ. ಮತ್ತೆ ನೀವಿಬ್ರು ಹೊರಗೆ ಹೋಗಿ" ಎಂದರು.