ಹೆಸರಿಲ್ಲದ ಕೊರಳು

ಕೊರಳಿನ ವಿಷಯದಲ್ಲಿ ನಮ್ಮ ಭಾಷೆಗೆ ಹೆಸರುಗಳ ಬಡತನವಿಲ್ಲ. ಕೊರಳು, ಕತ್ತು, ಕುತ್ತಿಗೆ, ಗೋಣು, ಕಂಠ—ಒಂದೊಂದಕ್ಕೂ ಒಂದೊಂದು ಸಂದರ್ಭ, ಒಂದೊಂದು ಮರ್ಯಾದೆ. ಹಾರ ಬೀಳುವುದು ಕೊರಳಿಗೆ. ಸಾಲ ಬರುವುದು ಕುತ್ತಿಗೆಗೆ. ಒಪ್ಪಿಗೆಗೆ ಅಲುಗಾಡುವುದು ಗೋಣು. ಹಾಡು ಹೊರಡುವುದು ಕಂಠದಿಂದ. ಹಳಗನ್ನಡದ ಕವಿಗಳಂತೂ ನಾಯಿಕೆಯ ಕಂಠವನ್ನು ಶಂಖಕ್ಕೆ ಹೋಲಿಸಿ ದಣಿದವರಲ್ಲ. ಆದರೆ ಹೆಣ್ಣಿನ ದೇಹದಲ್ಲಿ ಇನ್ನೊಂದು ಕೊರಳಿದೆ. ಶಸ್ತ್ರಕ್ರಿಯೆಯಿಂದ ಹುಟ್ಟಿದವರನ್ನು ಬಿಟ್ಟರೆ ಈ ಬರಹದ ವಾಚಕರೆಲ್ಲರೂ ಅದನ್ನು ಹಾದೇ ಲೋಕಕ್ಕೆ ಬಂದವರು. ವೈದ್ಯಗ್ರಂಥಗಳು ಅದನ್ನು ಗರ್ಭಕಂಠವೆಂದು ಕರೆಯುತ್ತವೆ. ಮನೆಮಾತಿನಲ್ಲಿ ಅದಕ್ಕೆ ಹೆಸರೇ ಇಲ್ಲ.

ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಹನ್ನೊಂದು ವರ್ಷ ಶಿಕ್ಷಕಿಯಾಗಿದ್ದವಳು ನಾನು. ಅಲ್ಲಿ ಕನ್ನಡದ ಹೆಣ್ಣುಮಕ್ಕಳು ‘ಚೀಲ’ ಎನ್ನುತ್ತಾರೆ, ಮರಾಠಿಯವರು ‘ಪಿಶವಿ’ ಎನ್ನುತ್ತಾರೆ. ಭಾಷೆಗಾಗಿ ಎಷ್ಟೇ ಜಗಳವಾಡಿದರೂ ಈ ಒಂದು ಮಾತಿನಲ್ಲಿ ಎರಡೂ ಕಡೆಯವರಿಗೆ ಒಮ್ಮತವಿದೆ! ಬಿಳುಪು ಹೋದರೆ ಚೀಲದ ತೊಂದರೆ. ಮುಟ್ಟು ಹೆಚ್ಚಾದರೆ ಚೀಲದ ತೊಂದರೆ. ಸೊಂಟ ಹಿಡಿದರೂ ಚೀಲದ್ದೇ ತೊಂದರೆ. ರೋಗಗಳಿಗೆಲ್ಲ ಒಂದೇ ಹೆಸರಿರುವಲ್ಲಿ ಮದ್ದೂ ಒಂದೇ ಆಗಿಬಿಡುತ್ತದೆ: ಚೀಲ ತೆಗೆಸಿಬಿಡುವುದು.

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಳಗಾವಿಯ ನಮ್ಮ ಮನೆಗೆ ಬಂದಳು. ವಯಸ್ಸು ನಲವತ್ತು ದಾಟಿದೆ, ಇಬ್ಬರು ಮಕ್ಕಳು. ಯಾವುದೋ ಶಿಬಿರದಲ್ಲಿ ಪ್ಯಾಪ್ ಸ್ಮಿಯರ್ ಪರೀಕ್ಷೆ ಮಾಡಿಸಿಕೊಂಡಿದ್ದಳು. ಫಲಿತಾಂಶದ ಕಾಗದ ಇಂಗ್ಲಿಷಿನಲ್ಲಿತ್ತು. ಓಣಿಯ ಹುಡುಗನೊಬ್ಬ ಅದನ್ನು ಓದಿ, ‘ಅಬ್‌ನಾರ್ಮಲ್ ಐತಿ, ಕ್ಯಾನ್ಸರ್ ಇರಬೇಕು’ ಎಂದಿದ್ದನಂತೆ. ಅದನ್ನು ಕಂಡ ವೈದ್ಯರೊಬ್ಬರು ಎರಡೇ ನಿಮಿಷದಲ್ಲಿ, ಚೀಲ ತೆಗೆಸಿದರೆ ಚಿಂತೆಯೇ ಉಳಿಯದೆಂದು ತೀರ್ಪು ಕೊಟ್ಟಿದ್ದರು.

“ಬಾಯಾರ, ಕ್ಯಾನ್ಸರ್ ಅಂತ ಇದ್ರಾಗ ಎಲ್ಲಿ ಬರದಾರ, ತೋರಸ್ರಿ” ಎಂದಳು.

“ಎಲ್ಲೂ ಬರದಿಲ್ಲವ್ವಾ.”

“ಹಂಗಾರ ನಾವು ಎಮ್ಮಿ ಯಾಕ ಮಾರಬೇಕ್ರಿ?”

ಎಮ್ಮೆಗೆ ಗಿರಾಕಿ ಆಗಲೇ ಗೊತ್ತಾಗಿದ್ದ. ಮರುದಿನ ಅವಳನ್ನು ನನಗೆ ಪರಿಚಯದ ಸ್ತ್ರೀರೋಗತಜ್ಞೆಯೊಬ್ಬರ ಬಳಿಗೆ ಕರೆದುಕೊಂಡು ಹೋದೆ. ಅವರು ಕಾಗದವನ್ನು ಓದಿ, ಪರೀಕ್ಷಿಸಿ, ಸೋಂಕಿಗೆ ಮಾತ್ರೆ ಬರೆದರು. ಅದನ್ನು ಗಂಡನೂ ನುಂಗತಕ್ಕದ್ದೆಂದು ಕಟ್ಟುನಿಟ್ಟಾಗಿ ಹೇಳಿದರು. ವರ್ಷ ಕಳೆದ ಮೇಲೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕೆಂದು ತಾರೀಖು ಹಾಕಿಕೊಟ್ಟರು. ಎಮ್ಮೆ ಕೊಟ್ಟಿಗೆಯಲ್ಲಿಯೇ ಉಳಿಯಿತು. ಆ ಕಾಗದದಲ್ಲಿ ಇದ್ದುದೇನು, ಇಲ್ಲದಿದ್ದುದೇನು ಎಂಬುದನ್ನು ಆ ದಿನದಿಂದ ವೈದ್ಯರನ್ನು ಕೇಳಿ, ಪುಸ್ತಕಗಳನ್ನು ಓದಿ ನಾನು ತಿಳಿದುಕೊಳ್ಳುತ್ತ ಬಂದಿದ್ದೇನೆ.

ಈ ಪರೀಕ್ಷೆಯ ಹಿಂದಿನ ಮನುಷ್ಯ ಗ್ರೀಸ್ ದೇಶದ ಜಾರ್ಜ್ ಪಾಪಾನಿಕೊಲಾವ್. 1913ರಲ್ಲಿ ಹೆಂಡತಿಯೊಡನೆ ನ್ಯೂಯಾರ್ಕಿಗೆ ಬಂದಿಳಿದು, ಹೊಟ್ಟೆಪಾಡಿಗಾಗಿ ಕೆಲಕಾಲ ಅಂಗಡಿಯೊಂದರಲ್ಲಿ ಜಮಖಾನೆ ಮಾರಿದವನು. ಗಿನಿ ಇಲಿಗಳ ಯೋನಿಸ್ರಾವವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದವನು ಮುಂದೆ ಮನುಷ್ಯರ ಕಡೆಗೆ ತಿರುಗಿದ. ಹೆಂಡತಿ ಆಂಡ್ರೊಮಾಕಿ ವರ್ಷಗಟ್ಟಲೆ ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡಳು. ಕೀರ್ತಿ ಗಂಡನ ಹೆಸರಿಗೆ ಹೋಯಿತು. ಗರ್ಭಕಂಠದಿಂದ ಉದುರುವ ಜೀವಕೋಶಗಳಲ್ಲಿ ಕ್ಯಾನ್ಸರಿನ ಗುರುತು ಕಾಣುತ್ತದೆಂದು ಅವನು 1928ರಲ್ಲಿ ಹೇಳಿದಾಗ ಯಾರೂ ಕಿವಿಗೊಡಲಿಲ್ಲ. 1943ರಲ್ಲಿ ಹರ್ಬರ್ಟ್ ಟ್ರಾಟ್‌ನೊಡನೆ ಪುಸ್ತಕ ಬರೆದ ಮೇಲೆ ಲೋಕ ತಿರುಗಿ ನೋಡಿತು.

ಕ್ರಮ ಬಹಳ ಸರಳ. ಚಿಕ್ಕ ಕುಂಚದಿಂದ ಗರ್ಭಕಂಠವನ್ನು ಮೃದುವಾಗಿ ಸವರಿ, ಬಂದ ಕೋಶಗಳಿಗೆ ಬಣ್ಣ ಕಟ್ಟಿ ನೋಡುವುದು. ಕಂಠದ ಒಳಭಾಗದಲ್ಲಿ ಒಂದು ಬಗೆಯ ಕೋಶಗಳಿವೆ, ಹೊರಭಾಗದಲ್ಲಿ ಇನ್ನೊಂದು ಬಗೆಯವು. ಇವೆರಡೂ ಸಂಧಿಸುವ ಗೆರೆಯಲ್ಲಿಯೇ ರೋಗ ಬಹುಮಟ್ಟಿಗೆ ತಲೆಯೆತ್ತುತ್ತದೆ. ತಂಟೆ ಹುಟ್ಟುವುದು ಗಡಿಯಲ್ಲಿಯೇ ಎಂಬುದನ್ನು ಬೆಳಗಾವಿಯವರಿಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ಈ ಪರೀಕ್ಷೆ ತೀರ್ಪಲ್ಲ, ಜರಡಿ. ಖಾನಾಪುರದ ಮಣ್ಣಿನ ಕೆಲಸ ಹೆಸರಾದದ್ದು. ಕುಂಬಾರನು ಗಡಿಗೆಯನ್ನು ಬೆರಳಿನಿಂದ ತಟ್ಟಿ ಕಿವಿಗೊಡುತ್ತಾನೆ. ನಾದ ತುಸು ಬೇರೆಯಾದರೆ ಪಕ್ಕಕ್ಕಿಟ್ಟು ಬೆಳಕಿನಲ್ಲಿ ತಿರುವಿ ನೋಡುತ್ತಾನೆ. ನಾದ ಬೇರೆಯಾಯಿತೆಂದು ಅಲ್ಲಿಯೇ ಒಡೆದುಹಾಕುವವನು ಕುಂಬಾರನಲ್ಲ. ‘ಅಸಹಜ’ ಎಂಬ ಮಾತಿನ ಬೆಲೆಯೂ ಅಷ್ಟೇ: ಇನ್ನೊಮ್ಮೆ ನೋಡಿ ಎಂದು.

ಫಲಿತಾಂಶದ ಕಾಗದದಲ್ಲಿ ನಮ್ಮ ಕಡೆ ಮೇಲಿಂದ ಮೇಲೆ ಬರುವ ಮಾತು ‘ಉರಿಯೂತ’. ಅದಕ್ಕೆ ಸಾಮಾನ್ಯವಾಗಿ ಬೂಷ್ಟಿನ ಸೋಂಕೋ ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿಯೋ ಕಾರಣವಾಗಿರುತ್ತದೆ, ಮಾತ್ರೆಗೆ ಹೋಗುವಂಥದು. ಕೆಲವರಿಗೆ ಕಂಠದ ಬಾಯಿ ಕೆಂಪಾಗಿ ಕಾಣುತ್ತದೆ. ಹಿಂದಿನ ವೈದ್ಯರು ಅದನ್ನು ‘ಸವೆತ’ವೆಂದು ಕರೆದರು, ಜನ ಅದನ್ನು ಹುಣ್ಣು ಮಾಡಿದರು. ನಿಜದಲ್ಲಿ ಅದು ಒಳಗಿನ ಕೋಶಗಳು ಹೊರಗೆ ಚಾಚಿದ್ದು, ಬಹಳ ಮಟ್ಟಿಗೆ ಪ್ರಕೃತಿಸಹಜ. ಸಣ್ಣ ನೀರುಗುಳ್ಳೆಗಳೂ ಹಾಗೆಯೇ. ಗರ್ಭಕೋಶ ಕೆಳಗೆ ಜಾರುವುದು ಬೇರೆಯೇ ಸಂಗತಿ; ಅದಕ್ಕೂ ಕ್ಯಾನ್ಸರಿಗೂ ಗಂಟು ಹಾಕಬೇಕಾದ್ದಿಲ್ಲ.

ಇವುಗಳಾಚೆ ಕೋಶಗಳ ರೂಪವೇ ಬದಲಾದ ಫಲಿತಾಂಶಗಳಿವೆ. ಮೊದಲನೆಯದು ‘ಆಸ್ಕಸ್’: ಕೋಶಗಳು ತುಸು ಮಾದರಿ ತಪ್ಪಿವೆ, ಏಕೆಂದು ಹೇಳಲಾಗದು. ನನ್ನ ವಿದ್ಯಾರ್ಥಿನಿಯ ಕಾಗದದಲ್ಲಿದ್ದುದು ಇದೇ. ವೈದ್ಯಶಾಸ್ತ್ರ ತನ್ನ ಅನುಮಾನವನ್ನು ಪ್ರಾಮಾಣಿಕವಾಗಿ ಬರೆದಿಟ್ಟಿತ್ತು, ಓಣಿಯ ಪಂಡಿತ ಅದನ್ನು ನಿಶ್ಚಯ ಮಾಡಿದ್ದ. ಅದರ ಮುಂದಿನದು ಕೆಳಮಟ್ಟದ ಬದಲಾವಣೆ. ಇದು ಬಹಳ ಜನರಲ್ಲಿ ತಾನಾಗಿ ಮಾಯವಾಗುತ್ತದೆ. ಮೇಲ್ಮಟ್ಟದ ಬದಲಾವಣೆ ಎಂದು ಬರೆದಿದ್ದರೆ ಮಾತ್ರ ತಡಮಾಡುವಂತಿಲ್ಲ. ಕಾಲ್ಪೊಸ್ಕೋಪು ಎಂಬ ಹಿಗ್ಗಿಸಿ ತೋರಿಸುವ ಯಂತ್ರದಿಂದ ನೋಡಿ, ಚೂರು ತೆಗೆದು ಪರೀಕ್ಷಿಸಿ, ಕೆಟ್ಟ ಪದರವನ್ನಷ್ಟೇ ಶೀತದಿಂದಲೋ ಶಾಖದಿಂದಲೋ ನಾಶಮಾಡುವುದುಂಟು, ವಿದ್ಯುತ್ ತಂತಿಯ ಕುಣಿಕೆಯಿಂದ ತೆಗೆಯುವುದೂ ಉಂಟು. ಗರ್ಭಕೋಶ ತನ್ನ ಸ್ಥಾನದಲ್ಲಿಯೇ ಇರುತ್ತದೆ. ಆದರೆ ಸುಮ್ಮನೆ ಬಿಟ್ಟರೆ? ನ್ಯೂಜಿಲೆಂಡಿನ ಆಕ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಇಂಥ ಹೆಣ್ಣುಮಕ್ಕಳನ್ನು ಸರಿಯಾದ ಚಿಕಿತ್ಸೆಯಿಲ್ಲದೆ ಬರಿದೆ ನೋಡುತ್ತ ಕುಳಿತದ್ದರ ಲೆಕ್ಕ 2008ರಲ್ಲಿ ಪ್ರಕಟವಾಯಿತು: ಮೂವತ್ತು ವರ್ಷಗಳಲ್ಲಿ ನೂರಕ್ಕೆ ಸುಮಾರು ಮೂವತ್ತು ಜನರಿಗೆ ಕ್ಯಾನ್ಸರ್ ಬಂದಿತ್ತು. ಭಯದಿಂದ ಅವಸರಪಡುವುದೂ ಕೇಡು, ಔದಾಸೀನ್ಯವೂ ಕೇಡು.

ಇದಕ್ಕೆಲ್ಲ ಮೂಲ ಎಚ್.ಪಿ.ವಿ. ಎಂಬ ವೈರಾಣು. ಅದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂದಿತು. ದಾಂಪತ್ಯದ ಸಂಪರ್ಕದಿಂದ ಹರಡುವ ಈ ವೈರಾಣು ಬಹುತೇಕ ಎಲ್ಲರಿಗೂ ಜೀವನದಲ್ಲಿ ಒಮ್ಮೆ ಅಂಟಿ, ವರ್ಷವೆರಡು ವರ್ಷಗಳಲ್ಲಿ ಹೊರಟುಹೋಗುತ್ತದೆ. ಆದುದರಿಂದ ಯಾರ ಶೀಲವನ್ನೂ ಶಂಕಿಸಲು ಇದು ಆಧಾರವಲ್ಲ. ಕೆಲವರಲ್ಲಿ ಬೀಡುಬಿಟ್ಟರೆ ಕ್ಯಾನ್ಸರಾಗಲು ಹತ್ತು, ಹದಿನೈದು ವರ್ಷ ಹಿಡಿಯುತ್ತದೆ. ಇಷ್ಟು ಸಾವಕಾಶ ಕೊಡುವ ಶತ್ರು ವಿರಳ. ಆದರೂ ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ಈ ಕ್ಯಾನ್ಸರಿಗೆ ಬಲಿಯಾದವರು ಸುಮಾರು 80,000 ಎಂದು ಅಂತರರಾಷ್ಟ್ರೀಯ ಅಂದಾಜು. ಮೊದಲ ಹಂತದಲ್ಲಿ ನೋವೇ ಇರುವುದಿಲ್ಲವೆಂಬುದೇ ಇದರ ಮೋಸ. ಸಂಭೋಗದ ನಂತರ ರಕ್ತ ಕಂಡರೆ, ಮುಟ್ಟು ನಿಂತ ಮೇಲೆ ರಕ್ತ ಹೋದರೆ, ದುರ್ವಾಸನೆಯ ಸ್ರಾವವಿದ್ದರೆ, ಹಿಂದಿನ ಕಾಗದದಲ್ಲಿ ಏನೇ ಬರೆದಿರಲಿ, ಕೂಡಲೆ ವೈದ್ಯರನ್ನು ಕಾಣತಕ್ಕದ್ದು.

ಚೀಲ ತೆಗೆಸುವ ಮಾತಿಗೆ ಮರಳುತ್ತೇನೆ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ, ಆಮೇಲೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ, ತಾಂಡಾಗಳ ಬಡ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ವಿನಾಕಾರಣ ತೆಗೆದರೆಂಬ ದೂರು ಎದ್ದುದನ್ನು ವಾಚಕರು ಮರೆತಿರಲಾರರು. ಅನಗತ್ಯ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲಿನಲ್ಲಿ ಹೇಳಬೇಕಾಯಿತು. ‘ಕ್ಯಾನ್ಸರ್ ಆದೀತು’ ಎಂಬ ಎರಡು ಶಬ್ದಗಳಿಗೆ ಎಷ್ಟು ಬಲವಿದೆಯೆಂಬುದನ್ನು ನಾನು ಆ ಎಮ್ಮೆಯ ಸಂಗತಿಯಿಂದ ಬಲ್ಲೆ.

ಹಾಗಾದರೆ ಖಾನಾಪುರಕ್ಕೆ ಬೇಕಾದುದೇನು? ಬೆಳಗಾವಿಯಿಂದ ಅದು ಸುಮಾರು 26 ಕಿಲೋಮೀಟರು, ದೂರವೇನಲ್ಲ. ದೂರವಿರುವುದು ಖಾನಾಪುರದಾಚೆಯ ಹಳ್ಳಿಗಳು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಿನ, ಭೀಮಗಡದ ಕಾಡಿನೊಳಗಿನ ಊರುಗಳಿಂದ ಮಳೆಗಾಲದಲ್ಲಿ ಹೊರಬರುವುದೇ ಒಂದು ಸಾಹಸ. ಪ್ಯಾಪ್ ಪರೀಕ್ಷೆ ಎರಡು ಪ್ರಯಾಣಗಳನ್ನು ಬೇಡುತ್ತದೆ: ಒಂದು ಪರೀಕ್ಷೆಗೆ, ಇನ್ನೊಂದು ಫಲಿತಾಂಶಕ್ಕೆ. ಎರಡನೆಯ ಪ್ರಯಾಣವೆಂದರೆ ಇನ್ನೊಂದು ದಿನದ ಕೂಲಿ, ಇನ್ನೊಂದು ಸುಳ್ಳು ನೆಪ. ಅದರಲ್ಲಿಯೇ ಹೆಣ್ಣುಮಕ್ಕಳು ತಪ್ಪಿಹೋಗುತ್ತಾರೆ.

ಇದಕ್ಕೆ ಉಪಾಯವಿಲ್ಲದಿಲ್ಲ. ತೆಳುವಾದ ಅಸಿಟಿಕ್ ಆಮ್ಲವನ್ನು, ಎಂದರೆ ಅಡುಗೆಯ ವಿನಿಗರಿನಂಥದನ್ನೇ, ಕಂಠಕ್ಕೆ ಸವರಿದರೆ ಸಂಶಯದ ಭಾಗ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ, ಫಲಿತಾಂಶ ಅಲ್ಲಿಯೇ. ಮುಂಬಯಿಯ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿ, ಮರಣಗಳನ್ನು ನೂರಕ್ಕೆ 31ರಷ್ಟು ತಗ್ಗಿಸಿದುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ನೆರೆಯ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಎಂದರೆ ಇಂದಿನ ಧಾರಾಶಿವದಲ್ಲಿ, 1,31,746 ಹೆಣ್ಣುಮಕ್ಕಳನ್ನು ಒಳಗೊಂಡ ಅಧ್ಯಯನ 2009ರಲ್ಲಿ ಇನ್ನೂ ದೊಡ್ಡ ಮಾತು ಹೇಳಿತು: ವೈರಾಣುವಿನ ಪರೀಕ್ಷೆ ಒಮ್ಮೆ ಮಾಡಿದ ಗುಂಪಿನಲ್ಲಿ ಮರಣ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಈ ಪರೀಕ್ಷೆಗೆ ಮಾದರಿಯನ್ನು ಹೆಣ್ಣುಮಗಳು ಮರೆಯಲ್ಲಿ ತಾನೇ ತೆಗೆದುಕೊಡಬಹುದು. ನಾಚಿಕೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ನಮ್ಮ ದಾದಿಯರಿಗೆ ಇದು ಸಾಧ್ಯವೇ ಎಂದು ಕೇಳುವವರಿಗೆ ಬೆಳಗಾವಿಯೇ ಉತ್ತರ. ಇಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು 2002ರಿಂದ 2005ರ ವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಅಧ್ಯಯನ ನಡೆಸಿದರು. ಹೆರಿಗೆಯಾದೊಡನೆ ಮಿಸೊಪ್ರಾಸ್ಟಾಲ್ ಮಾತ್ರೆ ಕೊಟ್ಟವರು ಉಪಕೇಂದ್ರದ ದಾದಿಯರು. ಅತಿರಕ್ತಸ್ರಾವ ನೂರಕ್ಕೆ 12ರಿಂದ ಸುಮಾರು 6ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು.

ಮೂವತ್ತು ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಆಗಬೇಕೆಂದು 2016ರ ಸರಕಾರಿ ಯೋಜನೆಯೇ ಹೇಳಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಹೆಣ್ಣುಮಕ್ಕಳಿಗೆ ಎಳೆಯ ವಯಸ್ಸಿನಲ್ಲಿ ಹಾಕುವ ಲಸಿಕೆ ಈಗ ನಮ್ಮ ದೇಶದಲ್ಲಿಯೇ ತಯಾರಾಗುತ್ತಿದೆ. ಆದರೆ ಇಂದಿನ ತಾಯಂದಿರಿಗೆ ತಪಾಸಣೆಯೇ ಗತಿ. ಖಾನಾಪುರದ ಮಟ್ಟಿಗೆ ನನ್ನ ಸೂಚನೆ ಇಷ್ಟು: ಶಿಬಿರಗಳು ನಾಟಿಯ ಕಾಲದಲ್ಲಿ ಬೇಡ, ಭತ್ತದ ಸುಗ್ಗಿ ಮುಗಿದು ಯುಗಾದಿ ಇನ್ನೂ ಬಾರದಿರುವ ದಿನಗಳಲ್ಲಿ ಆಗಲಿ. ಫಲಿತಾಂಶದ ಕಾಗದದ ಒಂದು ಮಗ್ಗುಲು ಕನ್ನಡದಲ್ಲಿಯೂ ಇನ್ನೊಂದು ಮರಾಠಿಯಲ್ಲಿಯೂ ಇರಲಿ. ಅದರಲ್ಲಿ ಮುಂದೆ ಯಾವ ದಿನ, ಯಾರ ಬಳಿಗೆ ಹೋಗಬೇಕೆಂಬುದು ದಪ್ಪಕ್ಷರದಲ್ಲಿ ಬರೆದಿರಲಿ.