ಕೂಲಿ, ಕಾಯಿದೆ ಮತ್ತು ಬೇಸಾಯದ ಹಂಗಾಮು

ಬೀಜ ಗೊಬ್ಬರಗಳ ದರ ನಿಮಗೆ ಅಂಗಡಿಯಲ್ಲಿಯೇ ತಿಳಿಯುತ್ತದೆ. ಕೂಲಿಯ ದರ ಹಾಗಲ್ಲ. ಮಳೆ, ಹಂಗಾಮು, ಕಾಯಿದೆ, ರಾಜಕೀಯ ಈ ನಾಲ್ಕೂ ಸೇರಿ ಅದನ್ನು ಗೊತ್ತುಮಾಡುತ್ತವೆ. ಕೂಲಿಗಾರರಿಗೆ ಕಾಯಿದೆಯ ರಕ್ಷಣೆ ಸಿಕ್ಕರೆ ಬೇಸಾಯಕ್ಕೆ ಆಳು ಸಿಗುವುದಿಲ್ಲವೆಂಬ ಮಾತು ಹಳ್ಳಿಗಳಲ್ಲಿ ಆಗಾಗ ಕೇಳಿಬರುತ್ತದೆ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ನೆರೆಯ ಮಹಾರಾಷ್ಟ್ರದ ಅನುಭವದಿಂದ ಪರಿಶೀಲಿಸಬಹುದು.

ದರ ಗೊತ್ತುಮಾಡಿದರೆ ಸಾಲದು

1948ರ ಕನಿಷ್ಠ ವೇತನ ಕಾಯಿದೆಯು ಬೇಸಾಯದ ಕೆಲಸಕ್ಕೂ ಅನ್ವಯಿಸುತ್ತಿತ್ತು. ಅದರ ವಿಷಯ ಈಗ 2019ರ ವೇತನ ಸಂಹಿತೆಯಲ್ಲಿ ಸೇರಿದೆ; ಈ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿತು. ಆದರೆ ಕಾರ್ಖಾನೆಗಿರುವಂತೆ ಹೊಲಕ್ಕೆ ಗೇಟಿಲ್ಲ, ಹಾಜರಿ ಪುಸ್ತಕವಿಲ್ಲ, ಕಾರ್ಮಿಕ ಸಂಘವೂ ಅಪರೂಪ. ಸುಗ್ಗಿ ಮುಗಿದ ಮೇಲೆ ಮುಂಗಾರಿನವರೆಗೆ ಮಳೆಯಾಶ್ರಿತ ಪ್ರದೇಶದಲ್ಲಿ ಕೆಲಸವೇ ಇರುವುದಿಲ್ಲ. ಆಗ ಕೊಟ್ಟಷ್ಟು ಕೂಲಿಗೆ ಒಪ್ಪುವುದು, ಇಲ್ಲವೆ ಊರು ಬಿಡುವುದು, ಇವೆರಡೇ ದಾರಿ. ಬೇರೊಂದು ಕಡೆ ಕೆಲಸ ಸಿಗುವಂತಿದ್ದರೆ ಮಾತ್ರ ಕಾಯಿದೆಯ ದರವನ್ನು ಕೇಳಿ ಪಡೆಯುವ ಧೈರ್ಯ ಕೂಲಿಗಾರನಿಗೆ ಬರುತ್ತದೆ.

ಮಹಾರಾಷ್ಟ್ರದ ಪ್ರಯೋಗ

1970ರ ದಶಕದ ಆರಂಭದಲ್ಲಿ ಮಹಾರಾಷ್ಟ್ರಕ್ಕೆ ಭೀಕರ ಬರ ಬಂದಿತು. 1973ರ ಮೇ ತಿಂಗಳಲ್ಲಿ ಸುಮಾರು 50 ಲಕ್ಷ ಜನ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದರು. ಈ ಹಿನ್ನೆಲೆಯಲ್ಲಿ ವಿ. ಎಸ್. ಪಾಗೆಯವರು ರೂಪಿಸಿದ ಉದ್ಯೋಗ ಖಾತರಿ ಯೋಜನೆ ಬೇರೂರಿತು. 1977ರಲ್ಲಿ ಅದು ಕಾಯಿದೆಯಾಗಿ 1979ರ ಜನವರಿ 26ರಿಂದ ಜಾರಿಗೆ ಬಂದಿತು. ಕೆಲಸ ಕೇಳಿದವರಿಗೆ ಸರ್ಕಾರ ಕೆಲಸ ಕೊಡಲೇಬೇಕು ಎಂಬುದೇ ಇದರ ತಿರುಳು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಇದಕ್ಕೆ ಹಣ ಬಂದದ್ದು ಹೆಚ್ಚಾಗಿ ಪಟ್ಟಣಗಳಿಂದ. 1975ರ ವೃತ್ತಿ ತೆರಿಗೆಯನ್ನು ಸಂಬಳದಾರರೂ ವ್ಯಾಪಾರಿಗಳೂ ಕೊಟ್ಟರು. ಸರ್ಕಾರ ಅಷ್ಟೇ ಮೊತ್ತವನ್ನು ಸೇರಿಸಿತು. ಬರಗಾಲದಲ್ಲಿ ಹಳ್ಳಿಯ ಜನ ಮುಂಬಯಿಗೆ ವಲಸೆ ಬರುವುದು ಪಟ್ಟಣದವರಿಗೂ ಬೇಡವಾಗಿತ್ತು. ಒಡ್ಡು, ಇಂಗುಕೆರೆ, ರಸ್ತೆಗಳಾದುದರಿಂದ ಜಮೀನುಳ್ಳವರಿಗೂ ಲಾಭವಾಯಿತು. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಬಂದರು. ಮೂವರಿಗೂ ಪಾಲಿದ್ದುದರಿಂದಲೇ ಕಾಯಿದೆ ಬಾಳಿತು.

1988ರಲ್ಲಿ ಕನಿಷ್ಠ ಕೂಲಿಯನ್ನು ದುಪ್ಪಟ್ಟು ಮಾಡಲಾಯಿತು, ಯೋಜನೆಯ ಕೂಲಿಯೂ ಏರಿತು. ಆದರೆ ಕೆಲಸ ಪಡೆದವರ ಸಂಖ್ಯೆ ಇಳಿಯಿತು. ಬೇಡಿಕೆಗೆ ತಕ್ಕಷ್ಟು ಕಾಮಗಾರಿಗಳನ್ನು ತೆರೆಯಲಿಲ್ಲ. ದರ ಏರಿಸುವಾಗ ಹಣವನ್ನೂ ಒದಗಿಸದಿದ್ದರೆ ಖಾತರಿಯೇ ಕುಗ್ಗುತ್ತದೆ ಎಂಬುದು ಇದರ ಪಾಠ.

ನಮ್ಮ ರಾಜ್ಯದಲ್ಲಿ

ಇದೇ ತತ್ವದ ಮೇಲೆ 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ ಬಂದು, ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಹಕ್ಕನ್ನು ಕೊಟ್ಟಿತು. 2006ರ ಫೆಬ್ರವರಿಯಲ್ಲಿ ಮೊದಲ ಹಂತದ 200 ಜಿಲ್ಲೆಗಳ ಪೈಕಿ ಕರ್ನಾಟಕದ ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ ಸೇರಿದ್ದವು. 2008ರಲ್ಲಿ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಲಾಯಿತು.

2025ರ ಡಿಸೆಂಬರಿನಲ್ಲಿ ಸಂಸತ್ತು ಇದರ ಬದಲಿಗೆ ಹೊಸ ಕಾಯಿದೆಯನ್ನು ಅಂಗೀಕರಿಸಿತು. ದಿನಗಳು 125ಕ್ಕೆ ಏರಿದವು. ವೆಚ್ಚದಲ್ಲಿ ಬಹುತೇಕ ರಾಜ್ಯಗಳು ಶೇಕಡ 40 ಭಾಗ ಹೊರಬೇಕು. ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನಗಳವರೆಗೆ ಕಾಮಗಾರಿಗಳನ್ನು ನಿಲ್ಲಿಸಲು ಅವಕಾಶವಿದೆ.

ಈ ಬಿಡುವು ನಿಮಗೆ ಅನುಕೂಲವೆಂದು ತೋರುವುದು ಸಹಜ. ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಕೂಲಿಗಾರನಿಗೆ ನಾಲ್ಕು ಕಾಸು ಹೆಚ್ಚು ಕೇಳುವ ಅವಕಾಶವಿರುವುದು ಇದೇ ದಿನಗಳಲ್ಲಿ. ಮಳೆ ತಡವಾದರಂತೂ ಹೊಲದಲ್ಲಿ ಬಿತ್ತನೆಯೂ ಇಲ್ಲ, ಊರಿನಲ್ಲಿ ಕಾಮಗಾರಿಯೂ ಇಲ್ಲ ಎಂಬಂತಾಗಿ, ಆತ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೋದಾನು. ಹದವಾದ ಮಳೆ ಬಿದ್ದಾಗ ಅವನನ್ನು ಎಲ್ಲಿ ಹುಡುಕುವಿರಿ? ಆದುದರಿಂದ ಬಿಡುವಿನ ದಿನಗಳನ್ನು ಆಯಾ ಪ್ರದೇಶದ ಮಳೆ ಬೆಳೆಗೆ ಹೊಂದಿಸುವುದು ಅತ್ಯಗತ್ಯ.

ರೈತರು ಮಾಡಬೇಕಾದುದು

1. ನಿಮ್ಮ ಊರಿನ ಬಿತ್ತನೆ, ಕಳೆ, ಕೊಯ್ಲಿನ ವಾರಗಳನ್ನು ಬರೆದು ಗ್ರಾಮಸಭೆಯ ಮುಂದಿಡಿ. ಆಳಿನ ಅಗತ್ಯ ಯಾವಾಗ, ಬಿಡುವು ಯಾವಾಗ ಎಂಬುದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ.

2. ಬದು ನಿರ್ಮಾಣ, ಕೃಷಿ ಹೊಂಡ, ಕೆರೆಯ ಹೂಳೆತ್ತುವ ಕಾಮಗಾರಿಗಳನ್ನು ಬೇಸಿಗೆಯಲ್ಲಿಯೇ ಕೇಳಿ ಮಾಡಿಸಿಕೊಳ್ಳಿ. ಕೂಲಿಗಾರನಿಗೆ ಸಂದ ಕೂಲಿ ನಿಮ್ಮ ಹೊಲದಲ್ಲಿ ತೇವವಾಗಿ ಉಳಿಯುತ್ತದೆ.

3. ಆಳಿನ ಅಗತ್ಯ ಒಮ್ಮೆಲೇ ಏರದಂತೆ ನೋಡಿಕೊಳ್ಳಿ. ರಾಗಿಯನ್ನು ಕೂರಿಗೆಯಿಂದ ಸಾಲಿನಲ್ಲಿ ಬಿತ್ತಿ ಎಡೆಕುಂಟೆ ಹಾಯಿಸಿದರೆ ಕೈಯಿಂದ ಕಳೆ ಕೀಳುವ ಕೆಲಸ ಬಹಳಷ್ಟು ತಗ್ಗುತ್ತದೆ.

4. ಒಂದೇ ಕೆಲಸಕ್ಕೆ ಗಂಡಾಳು ಹೆಣ್ಣಾಳುಗಳಿಗೆ ಒಂದೇ ಕೂಲಿ ಕೊಡಿ. ಇದು 1976ರಿಂದಲೂ ಕಾಯಿದೆಯ ಕಟ್ಟಳೆ. ಕೂಲಿಯನ್ನು ಬಾಕಿ ಉಳಿಸದೆ ಚುಕ್ತಾ ಮಾಡಿ.

ಸಣ್ಣ ಹಿಡುವಳಿದಾರರಲ್ಲಿ ಅನೇಕರು ವರ್ಷದ ಕೆಲವು ತಿಂಗಳು ತಾವೇ ಕೂಲಿಗೆ ಹೋಗುತ್ತಾರೆ. ಕೂಲಿಯ ಕಾಯಿದೆ ಅವರ ಪಾಲಿಗೆ ಹೊರಗಿನವರ ವಿಷಯವಲ್ಲ. ಬೇಸಿಗೆಯಲ್ಲಿ ಊರಿನಲ್ಲಿಯೇ ದುಡಿಮೆ ಸಿಕ್ಕವರು ಮುಂಗಾರಿಗೂ ಊರಿನಲ್ಲಿಯೇ ಇರುತ್ತಾರೆ. ಮುಂದಿನ ಗ್ರಾಮಸಭೆಗೆ ಹೋಗುವಾಗ ಇದನ್ನು ನೆನಪಿನಲ್ಲಿಡಿ.